ಒಂಟಿ ಗ್ಲೌಸು

ನನ್ನ ಮೇಲೆ ನನಗೆ ನಂಬಿಕೆ ಕಡಿಮೆ ಎಂದರೆ ಜನ ಅದನ್ನು ವಿನಯ ಎಂದುಕೊಳ್ಳುತ್ತಾರೆ. ಅದು ವಿನಯವಲ್ಲ, ಅನುಭವ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ಹಿಂದಿರುಗಿ ಬಂದು ಬೀಗ ಎಳೆದು ನೋಡುತ್ತೇನೆ. ಹುಡುಗರಿಗೆ ಏಳೆಂಟಲ ಐವತ್ತಾರು ಎಂದು ಹೇಳಿಕೊಟ್ಟು, ಅವರು ಬರೆದುಕೊಳ್ಳುವಷ್ಟರಲ್ಲಿ ಹಲಗೆಯ ಮೂಲೆಯಲ್ಲಿ ಗುಟ್ಟಾಗಿ ಕೂಡಿಸಿ ನೋಡಿದ್ದೂ ಉಂಟು. ಇಂಥವನನ್ನು ಬೇಸ್‌ಬಾಲ್ ಎಂಬ ಆಟದಲ್ಲಿ, ಬ್ಯಾಟು ಬೀಸುವವನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂರಿಸಿ, ಮುಖಕ್ಕೆ ನೇರವಾಗಿ ಬರುವ ಚೆಂಡು ಹಿಡಿ ಎಂದರೆ ಏನಾಗಬೇಕೋ ಅದೇ ಆಯಿತು. ಆದದ್ದನ್ನು ನೋಡಿದವರು ಇನ್ನೂರು ಜನ. ತೀರ ಹತ್ತಿರದಲ್ಲಿದ್ದ ಸಾಕ್ಷಿ ನಾನೊಬ್ಬನೇ, ಮತ್ತು ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿದ್ದ ನಮ್ಮ ಹೈಸ್ಕೂಲಿಗೂ ಬೆಂಗಳೂರಿನಿಂದ ವಾರಕ್ಕೊಂದು ಸುತ್ತೋಲೆ ಬರುತ್ತಿತ್ತು. ಸುತ್ತೋಲೆಗೆ ಏಕೆ ಉತ್ತರಿಸಿಲ್ಲ ಎಂದು ಕೇಳುವ ಕಾಗದ ಮೊದಲು ಬಂದು, ಆ ಸುತ್ತೋಲೆ ಮೂರು ದಿನದ ಮೇಲೆ ಬಂದದ್ದೂ ಇದೆ. ಅವುಗಳಲ್ಲೊಂದು, ಶಾಲೆಯಲ್ಲಿ ಸಹಕಾರವನ್ನೂ ಪರಸ್ಪರ ವಿಶ್ವಾಸವನ್ನೂ ಬೆಳೆಸಲು ಏನು ಮಾಡಿದ್ದೀರಿ, ಬರೆದು ತಿಳಿಸಿ ಎಂದಿತು; ನೀವು ಬರೆದದ್ದು ನಿಜವೋ ಎಂದು ನೋಡಲು ಅಧಿಕಾರಿಗಳು ಬರುತ್ತಾರೆ ಎಂದೂ ಸೇರಿಸಿತ್ತು. ನಮ್ಮ ಹೆಡ್‌ಮಾಸ್ಟರಿಗೆ ಒಂದು ಪೆಟ್ಟಿಗೆ ನೆನಪಾಯಿತು. ಎಸ್ಟೇಟು ಮಾರಿ ವಿಲಾಯಿತಿಗೆ ಹೋದ ದೊರೆಯೊಬ್ಬರು ಶಾಲೆಗೆ ಬಿಟ್ಟುಹೋದದ್ದು. ಅವರ ಅಮೆರಿಕದ ಅಳಿಯ ತಂದಿದ್ದನಂತೆ. ಒಳಗೆ ಒಂದು ಬ್ಯಾಟು, ಎರಡು ಚೆಂಡು, ಒಂದು ನಿಯಮದ ಪುಸ್ತಕ, ಮತ್ತು ಎಡಗೈಗೆ ಮಾತ್ರ ಒಂದು ತೊಗಲಿನ ಗ್ಲೌಸು ಇದ್ದವು. “ಹಾಕಿ ಎಲ್ಲಾ ಶಾಲೇಲೂ ಇದೆ. ಇದು ನಮ್ಮಲ್ಲಿ ಮಾತ್ರ. ಮೇಷ್ಟ್ರುಗಳಿಗೂ ಹುಡುಗರಿಗೂ ಪಂದ್ಯ ಇಡೋಣ” ಎಂದರು ಹೆಡ್‌ಮಾಸ್ಟರು.

ಭಾರ ಬಿದ್ದದ್ದು ಡ್ರಿಲ್ ಮಾಸ್ಟರ್ ಪೊನ್ನಪ್ಪನವರ ಮೇಲೆ. ಪಲ್ಟನ್ನಿನಲ್ಲಿದ್ದು ಬಂದವರು, ಹಳೆಯ ಕೊಡಗು ಸರ್ಕಾರದ ಕಾಲದಲ್ಲಿ ನೇಮಕವಾದವರು. ಹೊಸ ಸರ್ಕಾರ ಅವರ ಕೆಲಸವನ್ನು ಇನ್ನೂ ಖಾಯಂ ಮಾಡಿರಲಿಲ್ಲ. ಬರುವ ಅಧಿಕಾರಿ ಏನು ಬರೆಯುತ್ತಾರೋ ಅದರ ಮೇಲೆ ಅವರು ಉಳಿಯುವುದೋ ಮನೆಗೆ ಹೋಗುವುದೋ ನಿಂತಿತ್ತು. ಇದು ನಮಗೆಲ್ಲ ಗೊತ್ತಿತ್ತು.

ಹುಡುಗರಿಗೆ ಚೆಂಡು ಹೊಡೆಯುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ತೊಂದರೆ ಬಂದದ್ದು ಬೇರೆ ಕಡೆ. ಹೊಡೆದ ಮೇಲೆ ಬ್ಯಾಟು ಅಲ್ಲೇ ಬಿಟ್ಟು ಓಡಬೇಕು ಎನ್ನುತ್ತದೆ ಪುಸ್ತಕ. ನಡೆಯಲು ಕಲಿತಾಗಿನಿಂದ ಹಾಕಿ ಕೋಲು ಹಿಡಿದ ಕೈಗಳು ಬಿಡಲಿಲ್ಲ. “ಬಿಸಾಕ್ರೋ ಅದನ್ನ!” ಎಂದು ಪೊನ್ನಪ್ಪನವರು ಕೂಗಿದರೆ, “ಕೋಲು ಬಿಸಾಕಿದ್ದು ಗೊತ್ತಾದ್ರೆ ಅಪ್ಪ ಮನೆಗೆ ಸೇರ್ಸೂದಿಲ್ಲ ಸಾರ್!” ಎಂದು ಓಡುತ್ತಲೇ ಉತ್ತರ ಬರುತ್ತಿತ್ತು. ಇದ್ದದ್ದು ಒಂದೇ ಬ್ಯಾಟು. ಅದು ಓಡಿದವನ ಜೊತೆ ಎರಡನೆಯ ಬೇಸಿನಲ್ಲಿ, ಅಂದರೆ ಓಡಿ ಮುಟ್ಟಬೇಕಾದ ಎರಡನೆಯ ಗೋಣಿಚೀಲದ ಮೇಲೆ, ನಿಂತಿರುತ್ತಿತ್ತು. ಮುಂದಿನವನು ಬರಿಗೈಯಲ್ಲಿ ನಿಂತು ಚೆಂಡಿಗೆ ಕಾಯುತ್ತಿದ್ದ.

ಮೇಷ್ಟ್ರುಗಳ ತಂಡದಲ್ಲಿ ಗ್ಲೌಸು, ಅದರ ಜೊತೆ ಬ್ಯಾಟಿನವನ ಹಿಂದಿನ ಜಾಗ, ನನ್ನ ಪಾಲಿಗೆ ಬಂತು. ಕೂತುಕೊಂಡೇ ಆಡುವ ಜಾಗ ಅದೊಂದೇ, ಗಣಿತದವರಿಗೆ ಕೋನ ಗೊತ್ತಿರುತ್ತದೆ ಎಂಬುದು ಹೆಡ್‌ಮಾಸ್ಟರ ವಾದ. ಪೊನ್ನಪ್ಪನವರು ಒಂದು ವಾರ ನನಗೊಬ್ಬನಿಗೇ ಚೆಂಡು ಎಸೆದರು.

“ಮೇಷ್ಟ್ರೇ, ನೀವು ಎಂತದೂ ಮಾಡ್ಬೇಡಿ. ಕೈ ಇಟ್ಟಲ್ಲೇ ಇಡಿ. ನಾನು ಅಲ್ಲಿಗೇ ಹಾಕ್ತೇನೆ.”

“ಅಲ್ಲಿಗೆ ಬರದಿದ್ರೆ?”

“ಬರ್ತದೆ ಮಾರಾಯ್ರೇ! ನಂಬಿ ಒಂಚೂರು.”

ಬರುತ್ತಿತ್ತು. ನಲವತ್ತು ಸಲ ಎಸೆದರೆ ನಲವತ್ತು ಸಲವೂ ಬರುತ್ತಿತ್ತು. ನಾನು ಮಾತ್ರ ನಲವತ್ತೊಂದನೆಯದನ್ನು ಯೋಚಿಸುತ್ತಿದ್ದೆ.

ಪಂದ್ಯದ ದಿನ ಅಧಿಕಾರಿಗಳಿಗೆ ಜಮಖಾನ ಹಾಸಿ, ಕೈಗಳಿದ್ದ ದೊಡ್ಡ ಕುರ್ಚಿಯನ್ನು ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಸರಿಯಾಗಿ ನಡುವೆ ಇಟ್ಟರು. ದೊಡ್ಡವರನ್ನು ಮೂಲೆಯಲ್ಲಿ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ಪೊನ್ನಪ್ಪನವರು ಗಾಬರಿಯಾದರು. “ಸಾರ್, ಅಲ್ಲಿ ಬೇಡ, ಚೆಂಡು ಹೋಗೂದು ಅಲ್ಲಿಗೇ.” ಹೆಡ್‌ಮಾಸ್ಟರು ನಕ್ಕು, “ನಡುವೆ ನಮ್ಮ ಮೇಷ್ಟ್ರಿಲ್ವೇನ್ರೀ?” ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನೂ ತಲೆಯಾಡಿಸಿದೆ. ಅದನ್ನು ಇಲ್ಲಿ ದಾಖಲಿಸಬೇಕು.

ಪೊನ್ನಪ್ಪನವರ ಮೂರನೆಯ ಎಸೆತ. ಹುಡುಗ ಬ್ಯಾಟು ಬೀಸಿದ, ತಪ್ಪಿತು. ಚೆಂಡಿನ ಸದ್ದು ಕೇಳಿಸಿತು. ನಾನು ಎಡಕ್ಕೆ ಮೂರಡಿ, ಸರಿಯಾಗಿ ಹೇಳುವುದಾದರೆ ಎರಡೂವರೆ ಅಡಿ, ಸರಿದೆ. ಕಣ್ಣು ಬಿಟ್ಟಾಗ ಅಧಿಕಾರಿಗಳ ಕೈಯಲ್ಲಿದ್ದ ಕಾಫಿ ಲೋಟ ಜಮಖಾನದ ಮೇಲಿತ್ತು, ಕಾಫಿ ಅವರ ಪೇಟದಿಂದ ಇಳಿಯುತ್ತಿತ್ತು. “ಪೊನ್ನಪ್ಪಾ! ಏನ್ರೀ ಇದು ನೀವು ಎಸೆಯೋದು?” ಎಂದು ಹೆಡ್‌ಮಾಸ್ಟರು ಕೂಗಿದರು. ನನ್ನನ್ನು ಯಾರೂ ನೋಡಲಿಲ್ಲ. ನಾನು ನೆಲದಲ್ಲಿ ಕನ್ನಡಕ ಹುಡುಕುತ್ತಿದ್ದೆ. ಅದು ಮೂಗಿನ ಮೇಲೇ ಇತ್ತು.

ನಾಲ್ಕು ಗಂಟೆಯೊಳಗೆ ಸಾಕ್ಷಿಯ ಹೇಳಿಕೆ ಬೇಕೆಂದು ಅಪ್ಪಣೆಯಾಯಿತು. ಅಚ್ಚುಕಟ್ಟಾಗಿ ಬರೆದೆ. ಎಸೆಯಲ್ಪಟ್ಟ ಚೆಂಡು ತಡೆಯಿಲ್ಲದೆ ಮುಂದುವರಿದು ಅತಿಥಿಗಳಿದ್ದ ಸ್ಥಳವನ್ನು ತಲುಪಿತು, ಎಂದು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ನಾನೂ ಇರಲಿಲ್ಲ. ಅಷ್ಟರಲ್ಲಿ ಪೊನ್ನಪ್ಪನವರು ಬಂದು, ಪೆನ್ನು ತೆಗೆದುಕೊಂಡು, ತಮಗೂ ಒಪ್ಪಿಗೆ ಎಂದು ಕೆಳಗೆ ಸಹಿ ಹಾಕಿಬಿಟ್ಟರು.

“ಓದಿ ನೋಡಿ” ಎಂದೆ.

“ಎಂತ ಓದೂದು? ನೀವು ಬರ್ದದ್ದಲ್ವಾ” ಎಂದು ಬೇಸುಗಳೆಂದು ಹಾಸಿದ್ದ ಗೋಣಿಚೀಲ ಮಡಿಸಲು ಮೈದಾನಕ್ಕೆ ಹೋದರು.

ಆ ಕಾಗದ ಹರಿದೆ. ಬೇರೆ ಹಾಳೆಯಲ್ಲಿ ಬರೆದೆ: “ಚೆಂಡು ಸರಿಯಾಗಿ ನನ್ನ ಜಾಗಕ್ಕೇ ಬಂತು. ನಾನು ಅಲ್ಲಿರಲಿಲ್ಲ. ಹೆದರಿ ಸರಿದಿದ್ದೆ.” ಅಧಿಕಾರಿಗಳು ಅದನ್ನು ಎರಡು ಸಲ ಓದಿದರು. ಪೇಟ ತೆಗೆದಿದ್ದರಿಂದ ಸಾಮಾನ್ಯ ಮನುಷ್ಯರಂತೆ ಕಾಣುತ್ತಿದ್ದರು. “ನಾನೂ ಸರಿಯೋಣ ಅಂದ್ಕೊಂಡೆ ಕಣ್ರೀ. ಆ ಕುರ್ಚಿ ಬಿಡಲಿಲ್ಲ” ಎಂದರು.

ಎರಡು ತಿಂಗಳಿಗೆ ಪೊನ್ನಪ್ಪನವರ ಕೆಲಸ ಖಾಯಂ ಆಯಿತು. ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಅದು ಬಂದಿದೆಯೇ ಎಂದು ಕೇಳುವ ಪತ್ರ ಅದಕ್ಕಿಂತ ಮೊದಲೇ ಬಂದಿತ್ತು. ಖಾಯಂ ಆದ ಆದೇಶ ಕೈಗೆ ಬಂದ ದಿನ ಪೊನ್ನಪ್ಪನವರು ತಮ್ಮ ತೋಟದ ಕಿತ್ತಳೆಹಣ್ಣು ಚೀಲದ ತುಂಬ ತಂದು, ನನ್ನ ಮನೆ ಬಾಗಿಲಲ್ಲೇ ನಿಂತು, “ಮೇಷ್ಟ್ರೇ, ಹಿಡೀರಿ!” ಎಂದು ಒಂದನ್ನು ಎಸೆದರು. ಈ ಸಲ ನಂಬಿದೆ. ಕೂದಲೆಳೆಯಷ್ಟೂ ಸರಿಯಲಿಲ್ಲ, ಕಣ್ಣು ಮುಚ್ಚಲಿಲ್ಲ; ಹಣ್ಣು ದೊಡ್ಡದಾಗುತ್ತಾ ಬರುವುದನ್ನು ಕೊನೆಯವರೆಗೂ ನೋಡಿದೆ. ಕೈ ಎತ್ತಬೇಕು ಎಂಬುದು ಮಾತ್ರ ನೆನಪಾಗಲಿಲ್ಲ. ಹೊಸ ಕನ್ನಡಕಕ್ಕೆ ಮಡಿಕೇರಿಗೆ ಹೋಗಬೇಕಾಯಿತು.