ತೂಕ ತಪ್ಪಿದ ನೆವಿಲ್

ನೆವಿಲ್ ಮಾಡಿದ ತಪ್ಪು ಒಂದೇ. ಬೆಳಿಗ್ಗೆ ಎದ್ದು, ಅಂಗಳದಲ್ಲಿ ಆನೆಯಂತೆ ನಿಂತಿದ್ದ ತನ್ನ ಹೊಸ ಕ್ಯಾರವಾನನ್ನು, ಗಾಡಿಯ ಹಿಂದೆ ಕಟ್ಟಿ ಎಳೆಯುವ ಆ ಚಕ್ರದ ಮನೆಯನ್ನು, ನೋಡುತ್ತ, "ಇದನ್ನ ಎಳೆಯೋಕೆ ಯಾವ ಗಾಡಿ ಸರಿಹೋದೀತಪ್ಪಾ?" ಎಂದು ತನ್ನನ್ನೇ ಕೇಳಿಕೊಂಡ. ಕೇಳಿಕೊಂಡದ್ದು ಸ್ವಲ್ಪ ಜೋರಾಯಿತು. ಆಸ್ಟ್ರೇಲಿಯಾದ ಟೂವೂಂಬಾ ಊರಿನ ಆ ಬೀದಿಯಲ್ಲಿ ಮನೆಗಳಿಗೆ ಬೇಲಿಯಿದೆ, ಕಿವಿಗಳಿಗೆ ಇಲ್ಲ.

ಎಡಗಡೆ ಬೇಲಿಯ ಮೇಲೆ ಕೀತ್‌ನ ತಲೆ ಮೂಡಿತು. ಬಲಗಡೆ ಬೇಲಿಯ ಮೇಲೆ ಕ್ಲಿಫ್‌ನ ತಲೆ.

ಇಬ್ಬರೂ ನೆವಿಲ್‌ನ ಹಾಗೆ ನಿವೃತ್ತರು, ಇಬ್ಬರ ಮನೆಯಲ್ಲೂ ಫೋರ್‌ವೀಲ್ ಡ್ರೈವ್. ಆದರೆ ಕಂಪನಿ ಬೇರೆ ಬೇರೆ. ದ್ವೈತ ಅದ್ವೈತದ ಜಗಳವನ್ನಾದರೂ ಒಂದು ದಿನ ಬಗೆಹರಿಸಬಹುದು, ಇವರದ್ದನ್ನಲ್ಲ. ಒಬ್ಬನ ಗಾಡಿ ಮರಳಲ್ಲಿ ಹೂತರೆ ಇನ್ನೊಬ್ಬನಿಗೆ ಆ ರಾತ್ರಿ ಒಳ್ಳೆಯ ನಿದ್ದೆ.

"ನಂದೇ ಥರದ್ದು ತಗೋ, ಕಣ್ಣುಮುಚ್ಚಿ ತಗೋ" ಎಂದ ಕೀತ್.

"ಹೂಂ, ಕಣ್ಣುಬಿಟ್ಟರೆ ಯಾರು ತಗೋತಾರೆ ಅದನ್ನ?" ಎಂದ ಕ್ಲಿಫ್.

ನೆವಿಲ್‌ಗೆ ಈ ಜಗಳಕ್ಕೆ ಪುರುಸೊತ್ತಿರಲಿಲ್ಲ. ಅವನ ಹೆಂಡತಿ ಬೆರಿಲ್‌ಳ ಅಕ್ಕ ಡೋರೀನ್ ಇರುವುದು ದೇಶದ ಇನ್ನೊಂದು ಅಂಚಿನ ಬ್ರೂಮ್‌ನಲ್ಲಿ. ತಾಯಿಯ ಕಾಲದ ಕಬ್ಬಿಣದ ಕಾಲಿನ ಹೊಲಿಗೆ ಮಿಷಿನ್ ಡೋರೀನ್‌ಗೆ ಸೇರಬೇಕಾದದ್ದು. ಪಾರ್ಸೆಲ್ ಮಾಡೋಣ ಎಂದಾಗ ಬೆರಿಲ್, "ಅಮ್ಮನ್ನೇ ಪಾರ್ಸೆಲ್ ಮಾಡಿದ ಹಾಗಾಗುತ್ತೆ" ಎಂದಿದ್ದಳು. ಮಾಂಸದಂಗಡಿ ಇಟ್ಟುಕೊಂಡಿದ್ದ ನೆವಿಲ್ ಪ್ರತಿ ವರ್ಷ "ಈ ಕ್ರಿಸ್‌ಮಸ್ ಗಿರಾಕಿ ಮುಗೀಲಿ, ಹೋಗೋಣ" ಎನ್ನುತ್ತಲೇ ಮುದುಕನಾದ. ಈಗ ಅಂಗಡಿ ಮಾರಿದ್ದಾಯಿತು. ಡೋರೀನ್‌ಳ ಕಣ್ಣು ಮಂಜಾಗುತ್ತಿತ್ತು. ಇನ್ನೊಂದು ವರ್ಷ ತಡವಾದರೆ ಅವಳು ಸೂಜಿಗೆ ದಾರ ಪೋಣಿಸಲಾರಳು.

ಕೀತ್, ಕ್ಲಿಫ್ ಕೂಡ ಇದ್ದ ಕ್ಯಾರವಾನ್ ಕ್ಲಬ್ಬಿನ ಸವಾರಿ ನಾಳೆ ಬೆಳಗಿನ ಜಾವ ಬ್ರೂಮ್ ಕಡೆಗೆ ಸಾಲಾಗಿ ಹೊರಡುವುದಿತ್ತು. ಎತ್ತು ಕೊಳ್ಳುವ ಮೊದಲೇ ಗಾಡಿ ಕೊಂಡವನ ಹಾಗೆ ನೆವಿಲ್ ಮೇಳದಲ್ಲಿ ಮನಸೋತು ಕ್ಯಾರವಾನ್ ಕೊಂಡುಬಿಟ್ಟಿದ್ದ. ಹಳೆಯ ಕಾರೇ ಎಳೆದೀತೆಂದು ನಂಬಿದ್ದ. ನಿನ್ನೆ ಮೆಕ್ಯಾನಿಕ್ ಕಾರನ್ನು ನೋಡಿದ, ಕ್ಯಾರವಾನನ್ನು ನೋಡಿದ, ಕೂತುಕೊಂಡು ನಕ್ಕ.

"ಕೂದಲು ಕತ್ತರಿಸಿಕೊಂಡು, ಎಲ್ಲರನ್ನೂ ಮಾತಾಡಿಸಿ ಸಂಜೆ ಬರ್ತೀನಿ" ಎಂದಳು ಬೆರಿಲ್. "ಅಷ್ಟರಲ್ಲಿ ಒಂದು ಗಾಡಿ ತಂದಿರು ನೆವ್. ಇನ್ನೊಂದು ಕ್ರಿಸ್‌ಮಸ್ ಕತೆ ಹೇಳಬೇಡ."

"ತರ್ತೀನಿ. ನೀನು ಆರಾಮಾಗಿ ಪಕ್ಕದಲ್ಲಿ ಕೂತ್ಕೊಂಡು ಕಿಟಕಿಯಾಚೆ ನೋಡ್ತಾ ಬಾ."

ಬೆರಿಲ್ ಚೀಲ ಹೆಗಲಿಗೇರಿಸಿ ಹೊರಟಳು. ಹೋದ ತಿಂಗಳು ಕ್ಲಬ್ಬಿನವರು ಹೆಂಗಸರಿಗೆಂದೇ ಕ್ಯಾರವಾನ್ ಎಳೆಯುವ ತರಬೇತಿ ಇಟ್ಟಾಗ ಅವಳು ಹೋಗಿ ಕಲಿತು ಬಂದಿದ್ದಳು. "ಕಲಿತು ಏನು ಮಾಡ್ತೀಯೇ, ಓಡಿಸೋನು ನಾನಿದ್ದೀನಲ್ಲ" ಎಂದು ನೆವಿಲ್ ನಕ್ಕಿದ್ದ.

ಹಳೆಯ ಗಾಡಿಗಳ ವ್ಯಾಪಾರಿ ಸ್ಟಾವ್ರೋಸ್ ಒಳ್ಳೆಯವನು. "ಇವತ್ತೆಲ್ಲಾ ಓಡಿಸಿ ನೋಡು, ಸಂಜೆ ದುಡ್ಡು ಕೊಡು, ಇಲ್ಲಾಂದ್ರೆ ಗಾಡಿ ಕೊಡು" ಎಂದ. ಮೊದಲು ಕೀತ್‌ನ ಕಂಪನಿಯ ಗಾಡಿ ಬಂತು. ಕ್ಯಾರವಾನಿನ ಮೂಗನ್ನು ಅದರ ಬಾಲಕ್ಕೆ ಸಿಕ್ಕಿಸಿದ್ದೇ ತಡ, ಗಾಡಿಯ ಹಿಂಭಾಗ ಕುಸಿದು ಕೂತು ಮೂತಿ ಆಕಾಶ ನೋಡಿತು.

"ಓಡಿಸೋಕೆ ತಂದಿಯೋ, ಹಾರಿಸೋಕೆ ತಂದಿಯೋ?" ಎಂದ ಕ್ಲಿಫ್.

ಮಧ್ಯಾಹ್ನ ಕ್ಲಿಫ್‌ನ ಕಂಪನಿಯ ಗಾಡಿ. ಎಳೆಯುವುದೇನೋ ಎಳೆಯಿತು. ಆದರೆ ಊರಿನ ಏರಿನಲ್ಲಿ ಅದು ಎಷ್ಟು ನಿಧಾನವಾಯಿತೆಂದರೆ, ನಾಯಿ ಹಿಡಿದು ಹೊರಟಿದ್ದ ಅಜ್ಜಿಯೊಬ್ಬಳು ಜೊತೆಗೇ ನಡೆಯುತ್ತ ಹವಾಮಾನ ಮಾತಾಡಿ, "ಸರಿ, ನಂಗೆ ಹೊತ್ತಾಯ್ತು" ಎಂದು ಮುಂದೆ ಹೋದಳು. ಈ ಸಲ ನಕ್ಕವನು ಕೀತ್.

ಮೂರನೆಯದನ್ನು ನೆವಿಲ್ ತಾನೇ ಆರಿಸಿದ. ಸ್ಟಾವ್ರೋಸ್‌ನ ಅಂಗಳದ ಮೂಲೆಯಲ್ಲಿದ್ದ ದೊಡ್ಡ ಹಸಿರು ಗಾಡಿ. ಒಳಗೆ ಕೂತ. ಅಂಗಡಿಯಲ್ಲಿ ನಿಂತೂ ನಿಂತೂ ಸವೆದ ಅವನ ಬೆನ್ನನ್ನು ಆ ಸೀಟು ಹೆತ್ತತಾಯಿಯಂತೆ ಹಿಡಿದುಕೊಂಡಿತು. ಹಿಂದೆ ಮುಂದೆ ಸರಿಸಿ, ಬಾಗಿಸಿ, ಎತ್ತರಿಸಿ, ಇಂಚು ಇಂಚು ತನಗೆ ಒಗ್ಗಿಸಿಕೊಂಡ. ಕ್ಯಾರವಾನನ್ನು ಕಟ್ಟಿ ಏರು ಹತ್ತಿಸಿದರೆ ಗಾಡಿ ಕೆಮ್ಮಲೂ ಇಲ್ಲ.

"ದರಿದ್ರ ಗಾಡಿ" ಎಂದ ಕೀತ್.

"ಶುದ್ಧ ದರಿದ್ರ" ಎಂದ ಕ್ಲಿಫ್.

ಇಬ್ಬರೂ ಒಟ್ಟಿಗೆ ಬೈದ ಮೇಲೆ ಗಾಡಿ ಒಳ್ಳೆಯದೇ ಇರಬೇಕೆಂದು ನೆವಿಲ್‌ಗೆ ಖಾತ್ರಿಯಾಯಿತು.

ಆದರೆ ನೆರೆಯವರ ಪ್ರೀತಿ ಅಷ್ಟಕ್ಕೆ ಬಿಡುತ್ತದೆಯೇ? "ಆ ಕಡೆ ಕಟ್ಟಿಗೆ ಸಿಗಲ್ಲ ಮಾರಾಯ" ಎಂದು ಕೀತ್ ಅರ್ಧ ಮರವನ್ನೇ ತಂದು ತುಂಬಿದ. "ಇನ್ನೊಂದು ಸ್ಟೆಪ್ನಿ ಇಲ್ದೆ ಯಾರಾದ್ರೂ ಹೋಗ್ತಾರಾ?" ಎಂದು ಕ್ಲಿಫ್ ಟೈರು ಹೇರಿದ. ಆಮೇಲೆ ಸಲಿಕೆ, ಸರಪಳಿ, ನೀರಿನ ಕ್ಯಾನು. ಮೊದಲೇ ಒಳಗಿದ್ದದ್ದು ನೆವಿಲ್‌ನ ಮೀನಿನ ಗಾಳಗಳು, ಮಾಂಸ ಸುಡುವ ದಪ್ಪ ಕಬ್ಬಿಣದ ಹಲಗೆ, ಬಿಯರ್. ಮತ್ತು ಕಂಬಳಿ ಹೊದ್ದು ಕೂತ ಹೊಲಿಗೆ ಮಿಷಿನ್.

ಧಾನ್ಯದ ಗೋದಾಮಿನಲ್ಲಿ ಗಾಡಿಗಳನ್ನೇ ತೂಗುವ ವೇಬ್ರಿಡ್ಜ್ ಮುಚ್ಚುವ ಹೊತ್ತಿಗೆ ಮೂವರೂ ಅಲ್ಲಿಗೆ ಬಂದರು. ಗಾಡಿ, ಕ್ಯಾರವಾನ್, ಜನ, ಜಾಮಿನ ಶೀಶೆ ಎಲ್ಲ ಸೇರಿ ಮಿತಿಯೊಳಗಿರಬೇಕು. ಮೀರಿದರೆ ದಾರಿಯಲ್ಲಿ ಏನಾದರೂ ಆದಾಗ ವಿಮೆಯವರು ಕೈತೊಳೆದುಕೊಳ್ಳುತ್ತಾರೆ. ನೆವಿಲ್ ಸ್ಟಿಯರಿಂಗ್ ಹಿಡಿದು ಕೂತ. ಕೀತ್, ಕ್ಲಿಫ್ ಕೆಳಗೆ ನಿಂತರು.

"ಜಾಸ್ತಿ" ಎಂದಳು ಕಿಟಕಿಯ ಹೆಂಗಸು, ಆಕಳಿಸುತ್ತ.

ಕಟ್ಟಿಗೆ ಇಳಿಯಿತು. ಜಾಸ್ತಿ. ಟೈರು, ಸಲಿಕೆ, ಸರಪಳಿ ಇಳಿದವು. ಇನ್ನೂ ಜಾಸ್ತಿ. ನೀರು ಚೆಲ್ಲಿದರು. ನೆವಿಲ್ ಕಣ್ಣುಮುಚ್ಚಿ ಗಾಳಗಳನ್ನು ಇಳಿಸಿದ, ಹಲಗೆ ಇಳಿಸಿದ, ಬಿಯರ್ ಇಳಿಸುವಾಗ ಡಬ್ಬಿಗಳನ್ನು ಒಂದೊಂದಾಗಿ ಎಣಿಸಿದ.

"ಸುಮ್ನೆ ಆ ತುಕ್ಕು ಮಿಷಿನ್ ಇಳಿಸೋ" ಎಂದ ಕ್ಲಿಫ್.

"ಅದನ್ನ ಮುಟ್ಟಿದರೆ ನಿನ್ನ ಕೈ ಮುರೀತೀನಿ. ಈ ಪ್ರಯಾಣ ಹೊರಟಿರೋದೇ ಅದಕ್ಕೆ" ಎಂದ ನೆವಿಲ್. ಹಾಗೆ ಹೇಳಿದಾಗ ಅವನಿಗೆ ತನ್ನ ಮೇಲೆ ತನಗೇ ಅಭಿಮಾನ ಬಂತು. ಹೆಂಡತಿಯ ಒಂದು ದಾರದುಂಡೆಯನ್ನೂ ಅವನು ಮುಟ್ಟಲಿಲ್ಲ. ಕೊನೆಗೆ ತನ್ನ ಬೂಟುಗಳನ್ನೂ ಬಿಚ್ಚಿ ಕಿಟಕಿಯಿಂದ ಹೊರಗೆಸೆದ.

"ಸರಿಯಾಯ್ತು. ಕೂದಲೆಳೆಯಷ್ಟೂ ಜಾಗ ಇಲ್ಲ" ಎಂದು ಹೇಳಿ ಆ ಹೆಂಗಸು ಕಿಟಕಿ ಮುಚ್ಚಿಕೊಂಡು ಮನೆಗೆ ಹೋದಳು.

ನೆವಿಲ್ ಹಿಗ್ಗಿಹೋದ. ಜೀವಮಾನವಿಡೀ ತಕ್ಕಡಿ ಹಿಡಿದವನು, ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿಯಿಲ್ಲ! ಸ್ಟಾವ್ರೋಸ್‌ಗೆ ದುಡ್ಡು ಕೊಟ್ಟು, ಬರಿಗಾಲಲ್ಲಿ ಹಾಡುತ್ತ ಮನೆ ಸೇರಿದ. ಇಳಿಸಿದ ಸಾಮಾನನ್ನು ಕ್ಲಿಫ್ ತನ್ನ ಗಾಡಿಯಲ್ಲಿ ತಂದು ಸುರಿದ.

ಬೆರಿಲ್ ಕೂದಲು ಕತ್ತರಿಸಿಕೊಂಡು ಬಂದಿದ್ದಳು. ಹಸಿರು ಗಾಡಿಯನ್ನು ಸುತ್ತಿ ನೋಡಿದಳು. ಮಿಷಿನ್ನಿನ ಕಂಬಳಿ ಸರಿಯಾಗಿದೆಯೇ ಎಂದು ತಡವಿದಳು. ಅವಳ ಕಣ್ಣು ತುಂಬಿತು.

"ನೆವ್, ನಿನ್ನ ಗಾಳ ಬಿಟ್ಟು ಇದನ್ನ ಇಟ್ಕೊಂಡ್ಯಾ?"

"ಮತ್ತೆ? ತೂಕ ಬಟ್ಟು ಇಟ್ಟ ಹಾಗೆ ಬಂದಿದೆ. ಒಂದು ಕಿಲೋ ಹೆಚ್ಚಾದ್ರೂ ಆಗ್ತಿರಲಿಲ್ಲ."

ಬೆರಿಲ್ ಪಕ್ಕದ ಸೀಟಿನಲ್ಲಿ ಕೂತು ನೋಡಿದಳು. ಗಾಡಿ ಒಂಚೂರು ತಗ್ಗಿತು. ಅವಳು ತಾನು ಕೂತ ಸೀಟನ್ನು ತಟ್ಟಿದಳು.

"ತೂಕ ಹಾಕಿದಾಗ ಇಲ್ಲಿ ಯಾರು ಕೂತಿದ್ರು?"

ಕೀತ್ ಕ್ಲಿಫ್‌ನನ್ನು ನೋಡಿದ. ಕ್ಲಿಫ್ ತನ್ನ ನಾಯಿಯನ್ನು ನೋಡಿದ. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಇಬ್ಬರೂ ಒಂದೇ ದನಿಯಲ್ಲಿ, "ಅಯ್ಯೋ" ಎಂದರು.

"ನಿನ್ನ ಸಾಮಾನೆಲ್ಲಾ ನೆನಪಿತ್ತು ಕಣೆ" ಎಂದ ನೆವಿಲ್ ಸಣ್ಣ ದನಿಯಲ್ಲಿ. "ನೀನೊಬ್ಬಳು..."

ಅವಳು ಬಯ್ಯುತ್ತಾಳೆಂದು ಮೂವರೂ ಕಾದರು. ಬೆರಿಲ್ ಬಿದ್ದು ಬಿದ್ದು ನಕ್ಕಳು. ಕಣ್ಣೊರೆಸಿಕೊಂಡು ಇಳಿದು ಗಂಡನ ಎದುರು ನಿಂತಳು.

"ಅಮ್ಮನ ಮಿಷಿನ್ ಹೋಗಲೇಬೇಕು. ಹೌದಾ?"

"ಹೌದು."

"ಅವಳು ನನ್ನ ಅಕ್ಕ, ನಾನೂ ಹೋಗಲೇಬೇಕು. ಹೌದಾ?"

"ಹೌದು."

"ಹಾಸಿಗೆ, ಒಲೆ ಬಿಟ್ಟರೆ ಇನ್ನೇನೂ ಇಲ್ಲ. ಹಾಗಾದ್ರೆ ಇಳಿಸೋ ಸಾಮಾನು ಯಾವುದು ಉಳೀತು?"

ಎಲ್ಲರ ಕಣ್ಣೂ ನೆವಿಲ್‌ನ ಹೊಟ್ಟೆಯ ಮೇಲೆ ಬಂದು ನಿಂತವು. ಮಾಂಸದಂಗಡಿಯ ನಲವತ್ತು ವರ್ಷ ಅಲ್ಲಿ ಭದ್ರವಾಗಿತ್ತು.

"ನಿನ್ನ ಜಾಗಕ್ಕೆ ನಾನು ಕೂತರೆ ಡೋರೀನ್‌ಗೆ ಕಿತ್ತಳೆ ಮಾರ್ಮಲೇಡ್ ಕೂಡ ಒಯ್ಯಬಹುದು" ಎಂದಳು ಬೆರಿಲ್.

"ನಾನು?"

"ಕ್ಲಿಫ್ ಪಕ್ಕ ನಾಯಿ ಕೂರುತ್ತೆ. ಕೀತ್ ಗಾಡಿ ಖಾಲಿ."

ಕೀತ್‌ನ ಗಾಡಿ ಖಾಲಿಯೇ ಇರುತ್ತಿತ್ತು. ಅವನ ಹೆಂಡತಿ ಒಂದು ಸಲ ಅವನ ಪಕ್ಕ ಕೂತು ಆ ದೂರ ಹೋಗಿದ್ದಳು. ಅಂದಿನಿಂದ ವಿಮಾನವೇ.

ಮರುದಿನ ಬೆಳಕು ಹರಿಯುವಾಗ ಬೀದಿಯವರೆಲ್ಲ ಮಡಿಸುವ ಕುರ್ಚಿ, ಚಹಾ ಲೋಟ ಹಿಡಿದು ಗೇಟಿನಲ್ಲಿ ಕೂತಿದ್ದರು. ಕ್ಯಾರವಾನ್ ರಿವರ್ಸ್ ತೆಗೆಯುವುದು ಆ ಬೀದಿಗೆ ಪುಕ್ಕಟೆ ನಾಟಕ. ಬೆರಿಲ್ ಒಳಗೆ ಕೂತು ನೆವಿಲ್ ಒಗ್ಗಿಸಿದ ಸೀಟನ್ನು ಟಕ್ಕನೆ ಮುಂದಕ್ಕೆಳೆದಳು. ಆ ಸದ್ದಿಗೆ ನೆವಿಲ್‌ನ ಬೆನ್ನು ಚುಳುಕ್ಕೆಂದಿತು. ಅವಳು ಕನ್ನಡಿ ನೋಡಿದಳು, ಒಂದೇ ಏಟಿಗೆ ಆ ಆನೆಯನ್ನು ಗೇಟಿನಿಂದ ಬೀದಿಗೆ ಇಳಿಸಿದಳು. ಲೋಟ ಕೆಳಗಿಟ್ಟು ಜನ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವನು ನೆವಿಲ್. ಇಷ್ಟು ವರ್ಷ ಆ ಚಕ್ರವನ್ನು ಅವಳ ಕೈಗೆ ಕೊಡದಿದ್ದುದಕ್ಕೆ ಅವನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಕೀತ್‌ನ ಗಾಡಿಯ ವಾಕಿಟಾಕಿ ರೇಡಿಯೋದಲ್ಲಿ ಅವಳ ದನಿ ಬಂತು. "ಅಕ್ಕನಿಗೆ ಫೋನ್ ಮಾಡಿದೆ ನೆವ್. ದಾರ ಪೋಣಿಸೋಕೆ ಕಾಯ್ತಿದ್ದಾಳಂತೆ. ನಡೀರಿ ಇನ್ನ."

ಸಾಲು ಹೊರಟಿತು. ಚಳಿಯ ಊರು ಹಿಂದೆ ಉಳಿದು, ಮುಂದೆ ಬಯಲು ಹೊಂಬಣ್ಣಕ್ಕೆ ತಿರುಗುತ್ತಿತ್ತು. ನೆವಿಲ್ ಸಂತೋಷದಿಂದ ಕಿಟಕಿಯಾಚೆ ನೋಡುತ್ತ ಕೂತ. ಪಕ್ಕದಲ್ಲಿ ಕೀತ್ ಗಂಟಲು ಸರಿಪಡಿಸಿಕೊಂಡ. ಬ್ರೂಮ್ ಇನ್ನೂ ನಾಲ್ಕು ಸಾವಿರ ಕಿಲೋಮೀಟರ್ ಇತ್ತು.

"ನೋಡು ನೆವಿಲ್" ಎಂದ ಕೀತ್, "ನಿನ್ನೆ ಬೆಳಿಗ್ಗೆ ನಾನು ಹೇಳಿದ ಗಾಡಿ ತಗೊಂಡಿದ್ರೆ ಏನಾಗ್ತಿತ್ತು ಅಂತ ಮೊದಲಿಂದ ಹೇಳ್ತೀನಿ, ಕೇಳು."