ಹೆಸರಿಗೆ ಬಿದ್ದ ಒತ್ತು

ಹೊಡೆಯದೆ ಇಂಗ್ಲಿಷ್ ಬರುವುದಿಲ್ಲವೆಂದು ನಂಬಿದವನು ನಾನು. ಗಾಬರಿಯಾಗಬೇಡಿ, ಹೊಡೆಯುತ್ತಿದ್ದದ್ದು ಮಕ್ಕಳನ್ನಲ್ಲ, ಮೇಜನ್ನು. ಎಂಬತ್ತರ ದಶಕದಲ್ಲಿ ಜೇವರ್ಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ‘ಕೈಂಡ್‌ಹಾರ್ಟೆಡ್’ನಂಥ ಜೋಡುಪದ ಬಂದರೆ ಕೈಂಡ್, ಹಾರ್, ಟೆಡ್ ಎಂದು ತುಂಡು ಮಾಡಿ, ಒಂದೊಂದಕ್ಕೂ ಮೇಜು ತಟ್ಟಿ, ಒತ್ತು ಬೀಳುವ ‘ಹಾರ್’ ಬಂದಾಗ ಜೋರಾಗಿ ಗುದ್ದುತ್ತಿದ್ದೆ. ಚಟ ಮನೆಗೂ ಬಂತು. ಊಟದ ತಾಟು ಬಡಿಯುತ್ತ ಕೂತರೆ ಹೆಂಡತಿ ನೀಲಮ್ಮ, “ಪಾಪ, ಆ ಶಬ್ದ ನಿಮಗೇನ್ ಮಾಡ್ಯಾದ್ರಿ? ಹಂಗ್ಯಾಕ ಬಡೀತೀರಿ?” ಎನ್ನುತ್ತಿದ್ದಳು.

ಅಂಥವಳಿಗೆ ಲಕ್ವಾ ಹೊಡೆದು ಮಾತೇ ನಿಂತುಹೋಯಿತು. ಕಲಬುರಗಿಯ ಡಾಕ್ಟರು, “ಅಕ್ಕಾರ, ನಿಮ್ಮ ಯಜಮಾನ್ರ ಹೆಸರೇನ್ರಿ?” ಎಂದು ಕೇಳಿದರು. ನೀಲಮ್ಮ ನಾಚಿ ಗೋಡೆ ಕಡೆ ತಿರುಗಿದಳು. ಡಾಕ್ಟರು ಮರೆತಿದ್ದಾಳೆಂದುಕೊಂಡರು. “ಸಾಹೇಬ್ರ, ಆರಾಮ ಇದ್ದಾಗೂ ಆಕಿ ಹೇಳಿದಾಕಿ ಅಲ್ರಿ” ಎಂದೆ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಗಟ್ಟಿ ನಂಬಿಕೆ. ರೇಷನ್ ಅಂಗಡಿಯವನು ಕೇಳಿದರೂ, “ಶ್ರೀಶೈಲದಾಗಿನ ದೇವರ ಹೆಸರು ಬರ್ಕೊಳ್ರಿ” ಎಂದು ಹೇಳಿ ಬರುತ್ತಿದ್ದಳು.

“ಶಬ್ದ ತುಂಡುತುಂಡು ಮಾಡಿ ಅನ್ನಿಸ್ರಿ” ಎಂದರು ಡಾಕ್ಟರು. ಅದು ನನ್ನ ಕಸುಬೇ ಅಲ್ಲವೇ! ಸಂಜೆಯಾದರೆ ಮಂಚದ ಪಕ್ಕ ಕೂತು ನೀ-ರು, ರೊಟ್-ಟಿ ಎಂದು ತಟ್ಟುತ್ತಿದ್ದೆ. ಅವಳೂ ಎಡಗೈಯಿಂದ ತಟ್ಟುತ್ತಿದ್ದಳು. ನೀರು ಬಂತು, ರೊಟ್ಟಿ ಬಂತು. “ಸುಮ್ ಕೂಡ್ರಿ” ಎಂದು ಬೈದ ದಿನವಂತೂ ಓಣಿಗೆಲ್ಲ ಪೇಡೆ ಹಂಚಿದೆ.

ಮತ್ತೆ ಕಲಬುರಗಿಗೆ ಹೋದಾಗ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಇವಳು ಹೇಳುವವಳಲ್ಲವೆಂದು ನಾನು ಒಳಗೊಳಗೇ ನಗುತ್ತಿದ್ದೆ. ನೀಲಮ್ಮ ಅವರ ಮುಖವನ್ನೇ ನೋಡುತ್ತ ಮೇಜು ತಟ್ಟಿದಳು. “ಮಲ್-ಲಿ-ಕಾರ್-ಜು-ನ.” ‘ಕಾರ್’ ಬಂದಾಗ ಗುದ್ದಿದಳು ಕೂಡ. ಅದು ನಾನು ಕಲಿಸಿದ ಶಬ್ದವಲ್ಲ.

“ಗೆದ್ರಿ ಮಾಸ್ತರ!” ಎಂದು ಡಾಕ್ಟರು ನನ್ನ ಕೈ ಕುಲುಕಿದರು. ನಾನು ನೀಲಮ್ಮನ ಕಡೆ ತಿರುಗಿದೆ. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ನನ್ನ ಆಯುಷ್ಯ ಕಾಯುತ್ತಿದ್ದ ನೀಲಮ್ಮ ಎಲ್ಲಿಯೋ ಹೋಗಿಬಿಟ್ಟಿದ್ದಳು.

ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಅಳುತ್ತ ಬಂದೆ. ಪಕ್ಕದಲ್ಲಿ ಕೂತವಳು, ಯಾರೂ ಕೇಳದಿದ್ದರೂ, ಪಾಠ ಒಪ್ಪಿಸುವ ಶಾಣ್ಯಾ ಹುಡುಗಿಯ ಹಾಗೆ ಮತ್ತೊಮ್ಮೆ “ಮಲ್ಲಿಕಾರ್ಜುನ” ಎಂದಳು. ಊರ ಮಕ್ಕಳ ಉಚ್ಚಾರವನ್ನೆಲ್ಲ ತಿದ್ದಿದ ಮಾಸ್ತರ ನಾನು. ಅವಳು ಅಂದದ್ದರಲ್ಲಿ ಒಂದಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ.