ಗೌರಿಗೆ ಗುರುತು ಹಿಡಿಸುವ ಪಂಪು

ಗುರುಪಾದಪ್ಪ ಮಾಸ್ತರರು ರಿಟೈರಾದ ವಿಜ್ಞಾನದ ಮೇಷ್ಟ್ರು. ಔಷಧ ಹೊಡೆಯುವ ಪಂಪನ್ನು ಬೆನ್ನಿಗೇರಿಸಿಕೊಂಡು ಅವರು ಶಾಂತವ್ವನ ದನದ ಮನೆಗೆ ಬಂದ ಠೀವಿಯನ್ನು ನೋಡಬೇಕಿತ್ತು! ಯಾರು ತನ್ನವರು, ಯಾರು ಹೊರಗಿನವರು ಎಂದು ಪ್ರಾಣಿ ನೆನಪಿಡುವುದು ಮಿದುಳಿನ ಒಂದು ಹಾರ್ಮೋನಿನ ದಯೆಯಿಂದಂತೆ. ಈ ಪಂಪಿನ ಮಂಜು ಅದನ್ನು ಉಕ್ಕಿಸುತ್ತದಂತೆ. ಮೂಸಿದ ಎಮ್ಮೆ ಆಗ ಎದುರಿಗಿದ್ದವರನ್ನು ಜನ್ಮದಲ್ಲಿ ಮರೆಯುವುದಿಲ್ಲವಂತೆ.

ಶಾಂತವ್ವನಿಗೆ ಹೋದ ಜೀವ ಬಂದಂತಾಯಿತು. ಸವದತ್ತಿಯಲ್ಲಿ ಮಗಳು ದಿನ ತುಂಬಿ ಕೂತಿದ್ದಳು. ಇಲ್ಲಿ ಗೌರಿಯೋ, ಶಾಂತವ್ವನ ಹೊರತು ಯಾರಿಗೂ ಹಾಲು ಬಿಡುವ ಎಮ್ಮೆಯಲ್ಲ. ಗಂಡ ಫಕೀರಪ್ಪ ಊರ ವಾಡಿಕೆಯಂತೆ ಹೆಂಡತಿಯ ಸೀರೆ ಉಟ್ಟು ಹಿಂಡಲು ಕೂತೂ ನೋಡಿದ್ದ. ಗೌರಿ ಒಮ್ಮೆ ಮೂಸಿ, ಬಕೀಟಿನ ಸಮೇತ ಅವನನ್ನು ಗೋದಲಿಗೆ ಕಳಿಸಿದ್ದಳು. ಹಿಂಡದೆ ಬಿಟ್ಟರೆ ಕೆಚ್ಚಲು ಬಾತು ಎಮ್ಮೆ ಕೆಡುತ್ತದೆ. ಹಾಗೆಂದು ಮಗಳನ್ನು ಕೈಬಿಡಲಾದೀತೇ?

ನಳಿಕೆ ಕಂಡದ್ದೇ ಗೌರಿ ಬೆದರಿ ಮುಖ ತಿರುಗಿಸಿದಳು. ದನಕ್ಕೆ ಹೊಸ ಹಿಂಡಿ ಇಡುವಾಗ ಮೊದಲು ತಾನೇ ತುಸು ಬಾಯಿಗೆ ಹಾಕಿಕೊಂಡು ತೋರಿಸುವುದು ಫಕೀರಪ್ಪನ ರೂಢಿ. ಈಗಲೂ ಹಾಗೇ ಮಾಡಿದ. ನಳಿಕೆಯನ್ನು ತನ್ನ ಮೂಗಿಗೆ ಹಿಡಿದು, ಗೌರಿಯ ಕಣ್ಣಲ್ಲಿ ಕಣ್ಣಿಟ್ಟು, ಎಮ್ಮೆಗೆಂದು ಇಟ್ಟ ಡೋಸನ್ನು ಎದೆ ತುಂಬ ಎಳೆದುಕೊಂಡ. ಮಾಸ್ತರರು ಬೇಡ ಬೇಡ ಎನ್ನುವಷ್ಟರಲ್ಲಿ ಗೌರಿಯೂ ಮೂಸಿದಳು.

ಫಕೀರಪ್ಪ ಹಿಂಡಲು ಕೂತ ಐದೇ ನಿಮಿಷದಲ್ಲಿ ಬಕೀಟು ತುಂಬಿತು. ಮಾಸ್ತರರು ಮೀಸೆ ತಿರುವಿದರು. ಆದರೆ ಅವನು ಅಲ್ಲಿಂದ ಏಳಲೊಲ್ಲ! ಊಟಕ್ಕೆ ಕರೆದರೆ ತಾಟನ್ನು ಅಲ್ಲಿಗೇ ತರಿಸಿದ. ಸಂಜೆಗೆ ಮಲಗುವ ಹೊರಸನ್ನೂ ಅಲ್ಲಿಗೇ ಎಳೆದ. ಕೆರೆಯಿಂದ ಮರಳುತ್ತಿದ್ದ ಊರ ಎಮ್ಮೆಗಳನ್ನು ತೋರಿಸಿ, ಇದು ಗೌರಿಯ ಚಿಕ್ಕವ್ವನ ಮಗಳು, ಅದು ಹೋದ ವರ್ಷ ಗೌರಿಗೆ ಹಾಯ್ದ ಪಾಪಿ ಎಂದು ಮಾಸ್ತರರಿಗೆ ಒಂದೊಂದರ ಪರಿಚಯವನ್ನೂ ಮಾಡಿಕೊಟ್ಟ.

ಶಾಂತವ್ವ ಗಂಡನ ಎದುರು ಹೋಗಿ ನಿಂತಳು. "ನಾ ಯಾರು ಹೇಳ್ರಿ ನೋಡೂಣು?"

ಫಕೀರಪ್ಪ ಬಹಳ ಹೊತ್ತು ದಿಟ್ಟಿಸಿದ. "ನೀ ನಮ್ಮ ಗೌರೀಗೆ ಹುಲ್ಲು ಹಾಕಾಕಿ ಅಲ್ಲೇನು? ನಿನ್ನ ಮಗಳ ಹೆರಿಗಿ ಐತಿ, ನಾಳೆ ಮೊದಲನೇ ಬಸ್ಸಿಗೆ ಹೋಗು. ಇಲ್ಲಿ ನಾ ಅದೀನಿ."

ಮಾಸ್ತರರು ಬೆವತು ಹೋದರು. ಮಂಜಿನ ಪ್ರಭಾವ ಇಳಿಸುವ ಮದ್ದನ್ನು ನಾಳೆಯೇ ಮಾಡಿಕೊಡುತ್ತೇನೆಂದು ಆಣೆ ಹಾಕಿದರು. ಶಾಂತವ್ವ ಗಂಡನನ್ನೇ ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಸಂಜೆ ಹೊತ್ತು ಚಾದಂಗಡಿಯ ಕಟ್ಟೆ ಬಿಟ್ಟು ಮನೆಯಲ್ಲಿ ಕಂಡ ಮನುಷ್ಯನಲ್ಲ ಇವನು! ಈಗ ಎಮ್ಮೆಯ ಮೈ ತಿಕ್ಕುತ್ತ, ಅದರ ಕಿವಿಯಲ್ಲಿ ಏನೋ ಹೇಳುತ್ತ ಕೂತಿದ್ದಾನೆ. ನೋಡುತ್ತ ನೋಡುತ್ತ ಅವಳ ಮನಸ್ಸು ಹಗುರಾಯಿತು. ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿಕೊಂಡು ಬಂದಳು.

"ಇಳಸೂ ಮದ್ದು ಈಗ ಬ್ಯಾಡ್ರಿ, ಮಾಸ್ತರ. ಪಂಪಿನ್ಯಾಗ ಉಳಿದಿದ್ದು ಒಂದು ಬಾಟ್ಲಿಗೆ ಹಾಕಿ ಕೊಡ್ರಿ. ನಮ್ಮ ಅಳಿಯನ್ನ ಕೂಸಿನ ಮುಂದ ಕುಂದ್ರಿಸಿ ಮೂಸಸ್ಬೇಕು."